ಮರಕ್ಕೆ ಪರಿಹಾರ ಉಂಟು, ಮನೆಗೆ?

ಮದ್ದೂರಿನಲ್ಲಿ ಬಸ್ ಹತ್ತಿ ಕೊಕ್ಕರೆ ಬೆಳ್ಳೂರಿಗೆ ಹೋಗಿಬಂದವರಿಗೆ ಈ ಮಾತು ಹೊಸದಲ್ಲ. ಹಂಗಾಮಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಬಂದು ಊರೊಳಗಿನ ಹುಣಸೆ ಮರದಲ್ಲಿ ಗೂಡು ಕಟ್ಟಿದರೆ, ಮರದ ಯಜಮಾನ ಹಣ್ಣು ಬಡಿಯಲು ಹೋಗುವುದಿಲ್ಲ. ಬಾಣಂತನಕ್ಕೆ ತವರಿಗೆ ಬಂದ ಮಗಳನ್ನು ಯಾರಾದ್ರೂ ಎಬ್ಬಿಸಿ ಕಳಿಸ್ತಾರಾ ಸ್ವಾಮಿ ಅಂತ ಕೇಳುತ್ತಾನೆ. ಆ ವರ್ಷದ ಹುಣಸೆಹಣ್ಣು ನಷ್ಟ. ಅದಕ್ಕಾಗಿ ಅರಣ್ಯ ಇಲಾಖೆ ಮರಕ್ಕಿಷ್ಟು ಅಂತ ಪರಿಹಾರ ಕೊಡುವ ಏರ್ಪಾಡು ಮಾಡಿತು. ಸಾಲದು, ಸಕಾಲಕ್ಕೆ ಬರೋದಿಲ್ಲ ಅನ್ನುವ ದೂರು ಇದ್ದೇ ಇದೆ. ಆದರೂ ಒಂದು ನ್ಯಾಯವನ್ನು ಸರ್ಕಾರ ಒಪ್ಪಿಕೊಂಡಂತಾಯಿತು: ಊರಿಗೆ ಉಪಕಾರ ಮಾಡಿದವನ ಮನೆಗೆ ನಷ್ಟವಾಗಬಾರದು.

ಅದೇ ನ್ಯಾಯ ಇನ್ನೊಂದು ಮನೆಗೆ ಯಾಕಿಲ್ಲ ಅನ್ನುವುದೇ ಇವತ್ತಿನ ಪ್ರಶ್ನೆ. ಅದು ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ದುಡಿಯುವ ಪತ್ರಕರ್ತನ ಮನೆ.

ಕೊಕ್ಕರೆ ಬೆಳ್ಳೂರಿನ ಹೆಸರು ಹೊರಗಿನವರಿಗೆ ತಿಳಿದದ್ದು 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಇಲ್ಲಿನ ಹಕ್ಕಿಗಳ ವಿಷಯ ಬೆಳಕಿಗೆ ತಂದ ಮೇಲೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. 2017ರ ಕೊನೆಯಿಂದ 2018ರವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು, ಹೊಟ್ಟೆಯಲ್ಲಿ ಜಂತುಹುಳು ಸಿಕ್ಕಿತು. ಇಂಥ ಸುದ್ದಿ ಹಕ್ಕಿಯ ಹಾಗೆ ತಾನೇ ಹಾರಿ ಬರುವುದಿಲ್ಲ. ಯಾರೋ ಒಬ್ಬ ಬಿಸಿಲಲ್ಲಿ ಹೋಗಬೇಕು, ಸತ್ತ ಹಕ್ಕಿ ಎಣಿಸಬೇಕು, ಡಾಕ್ಟರನ್ನು ಕೇಳಬೇಕು, ಬರೆದು ಕಳಿಸಬೇಕು. ಮಾರನೇ ದಿನ ನಾವು ಅಂಗಡಿ ಬಾಗಿಲು ತೆಗೆದು ಕೂತು ಓದುತ್ತೇವೆ. ಬರೆದವನು ರಾತ್ರಿ ಊಟ ಮಾಡಿದನೋ ಇಲ್ಲವೋ ಯಾರೂ ಕೇಳುವುದಿಲ್ಲ.

ಈ ಬಾಳು ಎಂಥದು ಅಂತ ತಿಳಿಯಲು ನಮ್ಮ ಕಡೆಯವರೆಲ್ಲ ಬಲ್ಲ ಒಬ್ಬರನ್ನು ನೆನೆಯೋಣ. ರಾಜಶೇಖರ ಕೋಟಿಯವರು ಗದಗ ಬಳಿಯ ಹೊಂಬಳದವರು. 1972ರಲ್ಲಿ ಧಾರವಾಡದಲ್ಲಿ ‘ಆಂದೋಲನ’ ಶುರು ಮಾಡಿ, ಆಮೇಲೆ ಅದನ್ನು ಮೈಸೂರಿಗೆ ತಂದರು. ಜೇಬಿನಲ್ಲಿ ಬಂಡವಾಳವಿರಲಿಲ್ಲ, ತಲೆಯಲ್ಲಿ ಸಮಾಜವಾದ ಇತ್ತು. ಅದು ಅಚ್ಚಿನ ಮೊಳೆ ಒಂದೊಂದಾಗಿ ಜೋಡಿಸುತ್ತಿದ್ದ ಕಾಲ. ಸಣ್ಣ ಪತ್ರಿಕೆಯ ಸಂಪಾದಕನೇ ವರದಿಗಾರ, ಅವನೇ ಕರಡು ತಿದ್ದುವವನು, ಬೇಕಾದರೆ ಬಂಡಲ್ ಹೊರುವವನೂ ಅವನೇ. ಹಾಗೆ ಬೆಳೆದ ಪತ್ರಿಕೆ ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗಿನ ಮನೆಮಾತಾಯಿತು. ದಲಿತರ ಹೋರಾಟಕ್ಕೆ, ರೈತರ ಚಳವಳಿಗೆ ಅದರಲ್ಲಿ ಜಾಗವಿತ್ತು. ದೆಹಲಿ ಸುದ್ದಿಗಿಂತ ನಮ್ಮ ನಾಲೆಯ ನೀರಿನ ಸುದ್ದಿ ಸಣ್ಣದು ಅಂತ ಅವರು ಭಾವಿಸಲಿಲ್ಲ. 2017ರ ನವೆಂಬರ್ 23ರಂದು ಅವರು ತೀರಿಕೊಂಡರು. ಮಾರನೇ ದಿನ ಮೈಸೂರಿನಲ್ಲಿ 83ನೇ ಕನ್ನಡ ಸಾಹಿತ್ಯ ಸಮ್ಮೇಳನ. ಹಬ್ಬದ ಊರಲ್ಲಿ ಸೂತಕ. ಆದರೆ ಪತ್ರಿಕೆ ನಿಲ್ಲಲಿಲ್ಲ, ಮನೆಯವರೇ ಹೊಣೆ ಹೊತ್ತರು. ಹೊಂದಿಕೊಂಡು ಹೆಗಲು ಕೊಡುವ ಸಂಸಾರವಿಲ್ಲದೆ ಇಂಥ ಪತ್ರಿಕೆ ಐವತ್ತು ವರ್ಷ ದಾಟುವುದು ಸುಲಭದ ಮಾತೇ?

ಕೋಟಿಯವರು ಮನೆಗೆ ಒಂದು ಪತ್ರಿಕೆಯನ್ನಾದರೂ ಬಿಟ್ಟುಹೋದರು. ತಾಲ್ಲೂಕಿನ ವರದಿಗಾರ ಬಿಟ್ಟುಹೋಗುವುದು ಕತ್ತರಿಸಿ ಅಂಟಿಸಿದ ಹಳೇ ಸುದ್ದಿಗಳ ಒಂದು ಫೈಲು, ಮತ್ತು ಕಿರಾಣಿ ಅಂಗಡಿಯ ಬಾಕಿ.

ಮೊದಲೆಲ್ಲ ಸುದ್ದಿಯನ್ನು ಕವರಿಗೆ ಹಾಕಿ, ‘ಅರ್ಜೆಂಟ್’ ಅಂತ ಬರೆದು, ಮೈಸೂರು ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದರು. ಎಷ್ಟೋ ಸಲ ನಿಮ್ಮ ಪಕ್ಕದ ಸೀಟಿನ ಮೇಲೆ ನಾಳೆಯ ಪತ್ರಿಕೆ ಪ್ರಯಾಣ ಮಾಡುತ್ತಿತ್ತು. ಈಗ ಮೊಬೈಲಿನಲ್ಲಿ ಕ್ಷಣಕ್ಕೆ ಹೋಗುತ್ತೆ. ಸುದ್ದಿಯ ವೇಗ ಹೆಚ್ಚಿತು, ಸುದ್ದಿಗಾರನ ಸಂಬಳ ಮಾತ್ರ ಎತ್ತಿನ ಗಾಡಿಯಲ್ಲೇ ಬರುತ್ತಿದೆ. ಎಷ್ಟೋ ಜನಕ್ಕೆ ನೇಮಕದ ಪತ್ರವೇ ಇಲ್ಲ. ಸಂಬಳ ಬೇಕಾದರೆ ಜಾಹೀರಾತು ತನ್ನಿ, ಕಮಿಷನ್ ತಗೊಳ್ಳಿ. ಇದು ಪದ್ಧತಿ. ಪಿಯುಸಿ ಅರ್ಧಕ್ಕೆ ಬಿಟ್ಟು ಈ ಕೆಲಸಕ್ಕೆ ಬಿದ್ದ ಈ ಬರಹಗಾರನಿಗೂ ಮೊದಮೊದಲು ಒಂದು ಕಡೆ ಸಿಕ್ಕಿದ್ದು ಗುರುತಿನ ಚೀಟಿ ಮಾತ್ರ. ಮಗಳ ಸ್ಕೂಲ್ ಫೀಸಿಗೆ ಗುರುತಿನ ಚೀಟಿ ತೋರಿಸಿದರೆ ಆಗುತ್ತಾ?

ನಮ್ಮೊಳಗಿನ ಹುಳುಕನ್ನೂ ಮುಚ್ಚಿಡುವುದಿಲ್ಲ. ಪತ್ರಿಕೆಯ ಹೆಸರು ಹೇಳಿ ಅಂಗಡಿಯವರನ್ನು, ಗುಮಾಸ್ತರನ್ನು ಹೆದರಿಸಿ ಕವರು ಈಸಿಕೊಳ್ಳುವವರು ಇದ್ದಾರೆ. ಅಂಥವರಿಗೆ ಮರ್ಯಾದೆ ಬೇಡ. ಆದರೆ ಹೊಟ್ಟೆಗೆ ಕೊಡದೆ ದುಡಿಸಿಕೊಂಡು, ಆಮೇಲೆ ಕೈ ಚಾಚಿದ ಅಂತ ಬೈಯುವ ಯಜಮಾನರಿಗೆ ಏನನ್ನೋಣ? ಕೈ ಚಾಚದೆ ಮೂವತ್ತು ವರ್ಷ ಬಾಳಿದವನೇ ಇಲ್ಲಿ ದೊಡ್ಡವನು. ಅವನ ಜೊತೆ ಬಾಳಿದ ಹೆಂಡತಿ ಅವನಿಗಿಂತ ದೊಡ್ಡವಳು. ಹಬ್ಬದ ದಿನ ಗಂಡ ಅಪಘಾತದ ಜಾಗಕ್ಕೆ ಓಡಿದಾಗ, ಬಡಿಸಿದ ಎಲೆ ಮಡಚಿ ಎತ್ತಿಟ್ಟವಳು ಅವಳು.

ಆಗಬೇಕಾದ್ದೇನು? ಪತ್ರಕರ್ತರ ಸೇವಾ ಷರತ್ತಿನ ಕಾನೂನು 1955ರಲ್ಲೇ ಬಂತು. ಅದರ ಫಲ ಪಟ್ಟಣದ ಕಚೇರಿ ದಾಟಿ ತಾಲ್ಲೂಕಿಗೆ ಇಳಿದದ್ದು ಕಮ್ಮಿ. ಪತ್ರಿಕಾ ಮಾಲೀಕರು ವರದಿಗಾರನಿಗೆ ಮೊದಲು ನೇಮಕದ ಪತ್ರ, ತಿಂಗಳ ಸಂಬಳ, ಭವಿಷ್ಯನಿಧಿ ಕೊಡಲಿ. ನಿವೃತ್ತ ಪತ್ರಕರ್ತರಿಗೆ ರಾಜ್ಯ ಸರ್ಕಾರದ ಮಾಸಾಶನವಿದೆ, ಸಂತೋಷ. ಆದರೆ ಅದಕ್ಕೆ ಸೇವೆಯ ದಾಖಲೆ ಬೇಕು. ದಾಖಲೆ ಕೊಡದೆ ದುಡಿಸಿಕೊಂಡವರ ತಪ್ಪಿಗೆ ದುಡಿದವನಿಗೆ ಶಿಕ್ಷೆ ಯಾಕೆ? ಅವನ ಹೆಸರಲ್ಲಿ ಅಚ್ಚಾದ ಸುದ್ದಿಯನ್ನೇ ಸಾಕ್ಷಿ ಅಂತ ವಾರ್ತಾ ಇಲಾಖೆ ಒಪ್ಪಲಿ.

ಓದುಗರ ಪಾಲೂ ಇದೆ. ಪತ್ರಿಕೆ ಏಜೆಂಟರ ಬಾಕಿ ತೀರಿಸಿ. ಜಾಹೀರಾತಿನ ಬಿಲ್ಲು ಯುಗಾದಿಯಿಂದ ದೀಪಾವಳಿಗೆ ತಳ್ಳಬೇಡಿ. ಬಸ್ಸಿನಲ್ಲಿ ಪಕ್ಕದವನ ಪೇಪರಿಗೆ ಕತ್ತು ಚಾಚುವ ಬದಲು ಒಂದು ಪ್ರತಿ ಕೊಂಡು ಓದಿ.

ಬೆಳ್ಳೂರಿನ ರೈತ ಹಕ್ಕಿಗೆ ಮರ ಬಿಟ್ಟುಕೊಟ್ಟ. ಪತ್ರಕರ್ತನ ಮನೆಯವರು ಊರಿಗೆ ಆ ಮನುಷ್ಯನನ್ನೇ ಬಿಟ್ಟುಕೊಟ್ಟಿದ್ದಾರೆ. ಮರದ ಲೆಕ್ಕ ಸರ್ಕಾರದ ಪುಸ್ತಕದಲ್ಲಿದೆ. ಮನೆಯ ಲೆಕ್ಕವೂ ಎಲ್ಲಾದರೂ ಒಂದು ಕಡೆ ಏರಲಿ.