ನಾಲ್ಕನೆಯ ಬಟ್ಟಲು

ಎಂಟನೆಯ ಇಯತ್ತೆಯ ವಿಜ್ಞಾನದಲ್ಲಿ ಸೂಕ್ಷ್ಮಜೀವಿಗಳ ಪಾಠವನ್ನು ಕಲಿಸುವ ರೀತಿಯ ಬಗ್ಗೆ ನನಗೊಂದು ಹಳೆಯ ತಕರಾರಿದೆ. ನಿವೃತ್ತನಾದ ಮೇಲೂ ಅದು ಹೋಗಿಲ್ಲ. ಕಾಲರಾ, ಕ್ಷಯ, ಟೈಫಾಯಿಡ್, ಮಲೇರಿಯಾ ಎಂದು ಒಂದು ಕಡೆ ರೋಗಗಳ ಪಟ್ಟಿ, ಎದುರಿಗೆ ರೋಗಕಾರಕಗಳ ಪಟ್ಟಿ, ಕೊನೆಗೆ ‘ಹೊಂದಿಸಿ ಬರೆಯಿರಿ’. ಮಗು ಪೂರ್ಣ ಅಂಕ ಪಡೆಯುತ್ತದೆ. ಆದರೆ ಸೂಕ್ಷ್ಮಜೀವಿಗಳು ಇವೆಯೆಂದು ಅದು ನಂಬುವುದು ಗುರುಗಳು ಹೇಳಿದರೆಂಬ ಕಾರಣಕ್ಕೆ ಮಾತ್ರ. ಹುಣಸೆಮರದಲ್ಲಿ ದೆವ್ವವಿದೆ ಎಂದು ನಂಬುವುದೂ ಹಿರಿಯರು ಹೇಳಿದರೆಂಬ ಕಾರಣಕ್ಕೇ! ಕಣ್ಣಿಗೆ ಕಾಣದ ಈ ಎರಡು ಸಂಗತಿಗಳ ನಡುವಿನ ವ್ಯತ್ಯಾಸವನ್ನು ಮಗು ತಾನೇ ಪರೀಕ್ಷಿಸಿ ತಿಳಿಯುವಂತೆ ಮಾಡದಿದ್ದರೆ, ನಾವು ಕಲಿಸಿದ್ದನ್ನು ವಿಜ್ಞಾನವೆಂದು ಕರೆಯಬಹುದೇ?

ನನ್ನ ತರಗತಿಯಲ್ಲಿ ಕುಳಿತವರು ಮೊಸರಿನ ಬಟ್ಟಲುಗಳನ್ನು ಮರೆತಿರಲಾರರು. ಮೊದಲನೆಯದರಲ್ಲಿ ಕುದಿಯುತ್ತಿರುವ ಹಾಲು, ಎರಡನೆಯದರಲ್ಲಿ ಕುದಿಸಿ ಉಗುರುಬೆಚ್ಚಗಾಗಲು ಬಿಟ್ಟ ಹಾಲು, ಮೂರನೆಯದರಲ್ಲಿ ಪೂರ್ತಿ ಆರಿಸಿ ತಣ್ಣೀರಿನ ಬೋಗುಣಿಯೊಳಗಿಟ್ಟ ಹಾಲು. ಮೂರಕ್ಕೂ ಅಳೆದು ಒಂದೊಂದು ಚಮಚ ಹೆಪ್ಪು. ಸಂಜೆಯ ಹೊತ್ತಿಗೆ ಎರಡನೆಯದು ಗಟ್ಟಿಯಾಗಿರುತ್ತದೆ, ಮೂರನೆಯದು ಇನ್ನೂ ನೀರುನೀರಾಗಿರುತ್ತದೆ, ಮೊದಲನೆಯದು ಹಾಲಾಗಿಯೇ ಉಳಿದಿರುತ್ತದೆ. ಇಷ್ಟನ್ನು ನಮ್ಮ ತಾಯಂದಿರು ಯಾವ ಬಿ.ಎಡ್. ಪದವಿಯೂ ಇಲ್ಲದೆ ಬಲ್ಲರು. ನಾನು ಪಟ್ಟು ಹಿಡಿದು ಇಡಿಸುತ್ತಿದ್ದುದು ನಾಲ್ಕನೆಯ ಬಟ್ಟಲನ್ನು: ಅದೇ ಉಗುರುಬೆಚ್ಚಗಿನ ಹಾಲು, ಆದರೆ ಹೆಪ್ಪಿಲ್ಲ. “ಅದು ಮೊಸರಾಗೂದಿಲ್ಲಂತ ಗೊತ್ತೈತಲ್ರಿ ಸರ್, ಮತ್ಯಾಕ ಇಡೂದು?” ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದರು. ಹೆಪ್ಪೊಂದನ್ನು ಬಿಟ್ಟು ಉಳಿದೆಲ್ಲವೂ ಸಮನಾಗಿರುವ ಬಟ್ಟಲು ಇಲ್ಲದಿದ್ದರೆ, ಹಾಲು ಮೊಸರಾದದ್ದು ಹೆಪ್ಪಿನಿಂದಲೋ ಬೆಚ್ಚಗಿದ್ದುದರಿಂದಲೋ ಎಂದು ಹೇಳಲು ನಮ್ಮ ಬಳಿ ಆಧಾರವೇ ಇರುವುದಿಲ್ಲ.

ಒಂದು ವರ್ಷ ಸೆಕೆಯ ದಿನಗಳಲ್ಲಿ ಈ ನಾಲ್ಕನೆಯ ಬಟ್ಟಲಿನ ಹಾಲು ಮರುದಿನ ಒಡೆದು ವಾಸನೆ ಬಂದಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಹೆಪ್ಪು ಹಾಕದಿದ್ರೂ ಕೆಟ್ಟೈತ್ರಿ ಸರ್. ಅವು ಹಾಲಿನ್ಯಾಗ ಮೊದಲ ಇದ್ವೋ, ಗಾಳಿಯಿಂದ ಬಂದ್ವೋ?” ಎಂದಳು. 1860ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ವಾದಿಸಿದ್ದು ಇಂಥದ್ದೇ ಪ್ರಶ್ನೆಯನ್ನು ಕುರಿತು. ಲೂಯಿ ಪಾಶ್ಚರರು ಹಂಸದ ಕೊರಳಿನಂತೆ ಬಾಗಿದ ಕೊಳವೆಯುಳ್ಳ ಗಾಜಿನ ಬುರುಡೆಗಳಲ್ಲಿ ಪೋಷಕ ದ್ರವವನ್ನು ಕುದಿಸಿಟ್ಟರು. ಗಾಳಿ ಒಳಗೆ ಹೋಗುತ್ತಿತ್ತು, ಧೂಳು ಕೊರಳಿನ ಬಾಗಿನಲ್ಲಿಯೇ ನಿಲ್ಲುತ್ತಿತ್ತು, ದ್ರವ ಕೆಡಲಿಲ್ಲ. ಕೊರಳನ್ನು ಮುರಿದಾಗ ಕೆಟ್ಟಿತು. ಅವರ ಪ್ರತಿವಾದಿ ಪೂಶೆ ಬಳಸಿದ್ದು ಒಣಹುಲ್ಲಿನ ಕಷಾಯ. ಅದು ಕುದಿಸಿಟ್ಟರೂ ಕೆಡುತ್ತಿತ್ತು. ಒಣಹುಲ್ಲಿನ ಬ್ಯಾಕ್ಟೀರಿಯಾಗಳು ಕುದಿಯುವ ಶಾಖವನ್ನೂ ತಾಳುವ ಬೀಜಾಣುಗಳನ್ನು ಮಾಡಿಕೊಳ್ಳುತ್ತವೆ ಎಂದು 1876ರಲ್ಲಿ ಫರ್ಡಿನಾಂಡ್ ಕೋನ್ ವಿವರಿಸಿದ ಮೇಲೆ ಇದರ ಗುಟ್ಟು ತಿಳಿಯಿತು. ಎಂದರೆ ನಮ್ಮ ಹುಡುಗಿಯ ಎರಡೂ ಊಹೆಗಳಿಗೆ ಅರ್ಥವಿತ್ತು. ಆ ವಾರ ಪಾಠ ಮುಂದಕ್ಕೆ ಹೋಗಲಿಲ್ಲ. ಮುಚ್ಚಿಟ್ಟ ಬಟ್ಟಲು, ತೆರೆದಿಟ್ಟ ಬಟ್ಟಲು, ಎರಡು ಸಲ ಕುದಿಸಿದ ಬಟ್ಟಲು ಎಂದು ಕಿಟಕಿಯ ಕಟ್ಟೆಯೆಲ್ಲ ತುಂಬಿತು. ಪಾಶ್ಚರರ ಹೆಸರನ್ನು ನಾನು ಹೇಳಿದ್ದು ಅದಾದ ನಂತರ. ಹೆಸರು ಮೊದಲು ಬಂದರೆ ಪ್ರಶ್ನೆ ಸತ್ತುಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ದುಂಡಸಿಯಂಥ ಊರಿನಲ್ಲಿ ಇಂಥ ಸಾಮಗ್ರಿಗೆ ಬರವಿಲ್ಲ. ಜೋಳದ ಮೆತ್ತನೆಯ ರೊಟ್ಟಿಗೆ ಕೆಲವೇ ದಿನಗಳಲ್ಲಿ ಬೂಸರು ಬರುತ್ತದೆ. ಅದೇ ಹಿಟ್ಟಿನ ಖಡಕ್ ರೊಟ್ಟಿ ವಾರಗಟ್ಟಲೆ ಹಾಗೆಯೇ ಇರುತ್ತದೆ. ಯಾಕೆ? ಖಡಕ್ ರೊಟ್ಟಿಯ ಅರ್ಧಕ್ಕೆ ನೀರು ಚಿಮುಕಿಸಿ, ಉಳಿದರ್ಧವನ್ನು ಒಣದಾಗಿಟ್ಟರೆ ಮಕ್ಕಳೇ ಉತ್ತರ ಹೇಳುತ್ತಾರೆ. ಈ ಉತ್ತರದಿಂದ ಮನೆಗೂ ಪ್ರಯೋಜನವಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಸಿಕ್ಕಿದ್ದು ಅವುಗಳ ಮೇವಿಗೆ ಬೆರೆಸಿದ್ದ ಶೇಂಗಾ ಹಿಂಡಿಯಲ್ಲಿ: ಶಿಲೀಂಧ್ರವೊಂದು ಉತ್ಪಾದಿಸಿದ ಅಫ್ಲಾಟಾಕ್ಸಿನ್ ಎಂಬ ವಿಷ. ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದ ಶೇಂಗಾಕ್ಕೆ ಬಂದ ಬೂಸರನ್ನು ಒರೆಸಿ ತಿನ್ನುವ, ಇಲ್ಲವೇ ದನಕ್ಕೆ ಹಾಕುವ ರೂಢಿ ನಮ್ಮಲ್ಲಿಯೂ ಇದೆ. ಆ ವಿಷ ಒರೆಸಿದರೆ ಹೋಗುವುದಿಲ್ಲ, ಹುರಿದರೂ ಪೂರ್ತಿ ಹೋಗುವುದಿಲ್ಲ. ಇದನ್ನು ಮನೆಯಲ್ಲಿ ಹೇಳಬಲ್ಲ ಮಗುವಿನ ಮಾತಿಗೆ, ತಾನೇ ಕಂಡದ್ದರ ಬಲವಿದ್ದರೆ, ಅಜ್ಜಿಯೂ ಕಿವಿಗೊಡುತ್ತಾಳೆ.

ನನಗೆ ಎಲ್ಲಕ್ಕಿಂತ ಪ್ರಿಯವಾದುದು ಶೇಂಗಾದ ಬೇರು. ಬಿತ್ತಿ ನಲವತ್ತು ದಿನಗಳಾದ ಗಿಡವನ್ನು ಹಸಿ ಮಣ್ಣಿನಿಂದ ಮೆಲ್ಲನೆ ಎಬ್ಬಿಸಿ ನೀರಿನಲ್ಲಿ ತೊಳೆದರೆ ಬೇರಿನ ಮೇಲೆ ಚಿಕ್ಕ ಗಂಟುಗಳು ಕಾಣುತ್ತವೆ. ಪಕ್ಕದಲ್ಲಿಯೇ ಗೋವಿನಜೋಳದ ಬೇರನ್ನಿಡಿ, ಅದರಲ್ಲಿಲ್ಲ. ಗಂಟನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ನಸುಗೆಂಪು. ಆ ಬಣ್ಣ ಲೆಗ್‌ಹೀಮೋಗ್ಲೋಬಿನ್‌ನದು. ನಮ್ಮ ರಕ್ತದ ಹೀಮೋಗ್ಲೋಬಿನ್ನಿನ ಬಂಧು. ನಸುಗೆಂಪಿದ್ದರೆ ಒಳಗಿನ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿದೆ ಎಂದು ತಿಳಿಯಬಹುದು. ಬೆಳ್ಳಗಿದ್ದರೆ ಇನ್ನೂ ಕೆಲಸಕ್ಕೆ ಹತ್ತಿಲ್ಲ. ಯೂರಿಯಾ ಹೆಚ್ಚು ಸುರಿದ ಹೊಲದ ಗಿಡದಲ್ಲಿ ಗಂಟುಗಳು ಕಡಿಮೆ, ಏಕೆಂದರೆ ಮಣ್ಣಿನಲ್ಲಿಯೇ ಸಾರಜನಕ ಧಾರಾಳವಾಗಿ ಸಿಕ್ಕಾಗ ಗಿಡವು ಈ ಬಾಡಿಗೆದಾರರನ್ನು ಸಾಕುವುದಿಲ್ಲ. ರೈತನ ಮಗ ಇದನ್ನು ಎಣಿಸಿ ತಂದೆಗೆ ತೋರಿಸಿದರೆ ಗೊಬ್ಬರದಂಗಡಿಯ ಖರ್ಚಿನ ಮಾತು ಅಲ್ಲಿಂದ ಆರಂಭವಾಗುತ್ತದೆ. ಬೀಜೋಪಚಾರಕ್ಕೆ ರೈಜೋಬಿಯಂ ಪೊಟ್ಟಣ ತಂದುಕೊಳ್ಳಲು ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ದೂರವೇನಿಲ್ಲ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು ‘ಪೋರ್ಷನ್ ಮುಗಿಯುವುದಿಲ್ಲ’ ಎಂಬುದು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ (ಈಗ ನರ್ಮದಾಪುರಂ) 1972ರಲ್ಲಿ 16 ಮಾಧ್ಯಮಿಕ ಶಾಲೆಗಳಿಂದ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು ಆರರಿಂದ ಎಂಟರವರೆಗಿನ ಮಕ್ಕಳಿಗೆ ಪ್ರಯೋಗದ ಮೂಲಕವೇ ಕಲಿಸಿತು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಾಗಿತ್ತು, ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಮೂವತ್ತು ವರ್ಷ ನಡೆದ ಅದನ್ನು 2002ರಲ್ಲಿ ಸರಕಾರ ನಿಲ್ಲಿಸಿತು. ನಿಲ್ಲಿಸಿದ್ದನ್ನು ತೋರಿಸಿ ‘ಸಾಧ್ಯವಿಲ್ಲ’ ಎನ್ನುವವರು, ಸರಕಾರಿ ಶಾಲೆಗಳಲ್ಲಿ ಅದು ಮೂವತ್ತು ವರ್ಷ ನಡೆದದ್ದನ್ನು ಮರೆಯುತ್ತಾರೆ.

ಎರಡನೆಯ ಆಕ್ಷೇಪ ಸೂಕ್ಷ್ಮದರ್ಶಕದ್ದು. ಒಂದು ಶಾಲೆಯಲ್ಲಿ ನಾನು ಕಂಡ ಸೂಕ್ಷ್ಮದರ್ಶಕವು ಒಡೆದೀತೆಂಬ ಭಯದಿಂದ ಕಪಾಟಿನ ಬೀಗದೊಳಗೇ ಮುದುಕಾಗಿತ್ತು! ಡೆಲ್ಫ್ಟ್ ನಗರದ ಜವಳಿ ವ್ಯಾಪಾರಿ ಲೀವೆನ್‌ಹುಕ್ ತಾನೇ ಉಜ್ಜಿದ ಒಂಟಿ ಮಸೂರದಿಂದ, ಕರಿಮೆಣಸಿಗೆ ಖಾರ ಎಲ್ಲಿಂದ ಬಂತೆಂದು ತಿಳಿಯಲು ಅದನ್ನು ನೀರಿನಲ್ಲಿ ನೆನೆಹಾಕಿ ನೋಡುತ್ತಿದ್ದಾಗ, 1676ರಲ್ಲಿ ಬ್ಯಾಕ್ಟೀರಿಯಾಗಳನ್ನು ಕಂಡನು. (ಅವನಿಗೆ ಬ್ಯಾಡಗಿ ಮೆಣಸಿನಕಾಯಿ ಸಿಕ್ಕಿದ್ದರೆ ಇನ್ನೇನು ಕಾಣುತ್ತಿದ್ದನೋ!) ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಲೋಕಕ್ಕೆ ಪರಿಚಯಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವೂ ಒಂಟಿ ಮಸೂರದ್ದೇ, ಸುಮಾರು 140 ಪಟ್ಟು ಹಿಗ್ಗಿಸುತ್ತದೆ. ಕೆರೆಯ ನೀರಿನಲ್ಲಿ ವಾರ ನೆನೆದ ಹುಲ್ಲಿನ ಒಂದು ಹನಿಯಲ್ಲಿ ಓಡಾಡುವ ಜೀವಿಗಳನ್ನು ತೋರಿಸಲು ಅಷ್ಟು ಸಾಕು.

ಮೂರನೆಯದು ಸ್ವಚ್ಛತೆಯ ಮಾತು; ಅದನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಪ್ರಯೋಗದ ಮೊಸರನ್ನು ಯಾರೂ ರುಚಿ ನೋಡಕೂಡದು. ಬೂಸರು ಬಂದ ರೊಟ್ಟಿಯನ್ನು ಪಾರದರ್ಶಕ ಚೀಲದಲ್ಲಿ ಕಟ್ಟಿ ಹೊರಗಿನಿಂದಲೇ ನೋಡಬೇಕು, ಬಿಚ್ಚಿ ಮೂಸಬಾರದು. ಗಾಯ, ಗಂಟಲುಗಳಿಂದ ಏನನ್ನೂ ತೆಗೆದು ಬೆಳೆಸಬಾರದು. ಮುಗಿದ ಮೇಲೆ ಬ್ಲೀಚಿಂಗ್ ಪುಡಿಯ ನೀರು ಸುರಿದು ಹುಗಿಯಬೇಕು, ಎಲ್ಲರೂ ಸಾಬೂನಿನಿಂದ ಕೈ ತೊಳೆಯಬೇಕು.

ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಮುಂದಿನ ಮುಂಗಾರಿನಲ್ಲಿ ಮಕ್ಕಳಿಂದ ಶೇಂಗಾ ಬೇರಿನ ಗಂಟುಗಳನ್ನು ಎಣಿಸಿಸಿದರೆ ಆ ಲೆಕ್ಕವನ್ನು ನನಗೂ ಬರೆದು ತಿಳಿಸಿ. ಯೂರಿಯಾ ಹಾಕಿದ ಹೊಲದ್ದು ಒಂದು ಸಾಲಿನಲ್ಲಿ, ಹಾಕದ ಹೊಲದ್ದು ಇನ್ನೊಂದು ಸಾಲಿನಲ್ಲಿ ಇರಲಿ. ಬಿತ್ತಿ ಎಷ್ಟು ದಿನವಾಗಿತ್ತೆಂಬುದನ್ನು ಮರೆಯದೆ ಬರೆಯಿರಿ.