ಹದಿನೈದು ದಿನಕ್ಕೆ ಮುಗಿಯದ ಬೆನ್ನಿನ ಚಿಕಿತ್ಸೆ

ಸಂಪಾದಕರಿಗೆ,



ಸೊಂಟದ ಡಿಸ್ಕ್ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಭರಿಸುವ ಸರ್ಕಾರಿ ಆರೋಗ್ಯ ಯೋಜನೆಯು, ಅದರ ಫಲ ಕೈಗೂಡಲು ಬೇಕಾದ ಫಿಸಿಯೋಥೆರಪಿಯನ್ನು ಬಹುಮಟ್ಟಿಗೆ ರೋಗಿಯ ಅದೃಷ್ಟಕ್ಕೇ ಬಿಟ್ಟಿರುವುದು ಆಕ್ಷೇಪಾರ್ಹ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಉಳಿದವರಿಗೆ ಪ್ಯಾಕೇಜ್ ದರದ, ಅಂದರೆ ಒಂದು ಚಿಕಿತ್ಸೆಗೆ ಮೊದಲೇ ಗೊತ್ತುಪಡಿಸಿದ ಇಡಿಗಂಟಿನ, ಶೇ 30ರಷ್ಟು ಸಿಗುತ್ತದೆ. ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯ ನಿಯಮದಂತೆ ಈ ಇಡಿಗಂಟಿನಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ 15 ದಿನಗಳ ಔಷಧಿ ಮತ್ತು ತಪಾಸಣೆಗಳೂ ಸೇರಿವೆ. ತೊಡಕು ಇರುವುದು ಈ 15 ದಿನಗಳಲ್ಲಿಯೇ.

ಡಿಸ್ಕ್ ಎಂದರೆ ಬೆನ್ನುಮೂಳೆಯ ಎರಡು ಕಶೇರುಗಳ ನಡುವೆ ಇರುವ, ಹೊರಗೆ ಗಟ್ಟಿ ನಾರಿನ ಬಳೆಯೂ ಒಳಗೆ ಮೆದುವಾದ ತಿರುಳೂ ಉಳ್ಳ ಅಂಗ. ಬಳೆ ಬಿರಿದು ತಿರುಳು ಹೊರಚಾಚಿ ನರದ ಬುಡವನ್ನು ಒತ್ತಿದಾಗ ನೋವು ಪೃಷ್ಠದಿಂದ ಕಾಲಿನವರೆಗೆ ಇಳಿಯುತ್ತದೆ. ಇದಕ್ಕೆ ಸಯಾಟಿಕಾ ಎಂದು ಹೆಸರು. ಸೊಂಟದಲ್ಲಿ ಹೀಗೆ ಹೊರಚಾಚುವ ಡಿಸ್ಕ್‌ಗಳಲ್ಲಿ ಬಹುಪಾಲು ಕೆಳಗಿನ ಎರಡು ಹಂತಗಳವು. ಅನೇಕರಲ್ಲಿ ಇದು ಶಸ್ತ್ರಚಿಕಿತ್ಸೆಯಿಲ್ಲದೆಯೇ ತಗ್ಗುತ್ತದೆ. ತಗ್ಗದವರಲ್ಲಿ ಶಸ್ತ್ರವೈದ್ಯರು ನರವನ್ನು ಒತ್ತುತ್ತಿರುವ ಭಾಗವನ್ನು ತೆಗೆಯುತ್ತಾರೆ. ಈ ಕಾಯಿಲೆಯ ಮೂಲ ಡಿಸ್ಕ್‌ನಲ್ಲಿದೆ ಎಂದು ಬಾಸ್ಟನ್ನಿನ ಶಸ್ತ್ರವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಶಸ್ತ್ರಚಿಕಿತ್ಸೆ ವ್ಯಾಪಕವಾಯಿತು. ಆದರೆ ಅದು ನರದ ಮೇಲಿನ ಒತ್ತಡವನ್ನು ನೀಗುತ್ತದೆಯೇ ಹೊರತು ಸವೆದ ಡಿಸ್ಕನ್ನು ಹೊಸದಾಗಿ ಮಾಡುವುದಿಲ್ಲ. ತಿಂಗಳುಗಟ್ಟಲೆ ನೋವಿನಿಂದ ಸೊರಗಿದ ಬೆನ್ನಿನ ಮತ್ತು ಹೊಟ್ಟೆಯ ಸ್ನಾಯುಗಳಿಗೆ ಬಲ ಮರಳಬೇಕಾದರೆ ಅದಕ್ಕೆ ವ್ಯಾಯಾಮವೇ ಬೇಕು.

ಆ ವ್ಯಾಯಾಮಕ್ಕೆ ತನ್ನದೇ ಕ್ರಮವಿದೆ. ಮೊದಲ ದಿನಗಳಲ್ಲಿ ಸಮತಟ್ಟಾದ ನೆಲದಲ್ಲಿ ಸ್ವಲ್ಪ ಸ್ವಲ್ಪವಾಗಿ ನಡೆಯುವುದು, ಮಗ್ಗುಲಿಗೆ ಹೊರಳಿ ಏಳುವುದು, ಬಹಳ ಹೊತ್ತು ಕೂರದಿರುವುದು, ಬಗ್ಗಿ ಭಾರ ಎತ್ತದಿರುವುದು; ಗಾಯ ಮಾಗಿದ ಮೇಲೆ ಸ್ನಾಯುಬಲದ ವ್ಯಾಯಾಮ; ಕೊನೆಗೆ ಅವರವರ ಕೆಲಸಕ್ಕೆ ತಕ್ಕ ತರಬೇತಿ. ಕೋಕ್ರೇನ್ ಸಂಸ್ಥೆ 2014ರಲ್ಲಿ 22 ಪ್ರಯೋಗಗಳನ್ನು ಒಟ್ಟುಗೂಡಿಸಿ ನಡೆಸಿದ ಪರಾಮರ್ಶೆಯು, ಶಸ್ತ್ರಚಿಕಿತ್ಸೆಯಾದ ನಾಲ್ಕರಿಂದ ಆರು ವಾರಗಳಲ್ಲಿ ಆರಂಭಿಸಿದ ವ್ಯಾಯಾಮದಿಂದ ನೋವೂ ಅಶಕ್ತತೆಯೂ ಬೇಗ ಇಳಿಯುತ್ತವೆಂದೂ ಮರುಶಸ್ತ್ರಚಿಕಿತ್ಸೆಯ ಪ್ರಮಾಣ ಅದರಿಂದ ಹೆಚ್ಚಿದ್ದು ಕಂಡುಬಂದಿಲ್ಲವೆಂದೂ ಹೇಳಿದೆ. ಆಧಾರದ ಗುಣಮಟ್ಟ ಉನ್ನತವಲ್ಲವೆಂಬುದನ್ನೂ ಅದು ಮರೆಮಾಚಿಲ್ಲ. ಹೀಗಿರುವಾಗ ಸರ್ಕಾರದ ನೆರವು ಎರಡು ವಾರಕ್ಕೆ ನಿಂತುಹೋದರೆ, ರೋಗಿಗೆ ಮಾರ್ಗದರ್ಶನ ಹೆಚ್ಚು ಬೇಕಾದ ಕಾಲದಲ್ಲಿ ಅವನ ಕೈಯಲ್ಲಿ ಉಳಿಯುವುದು ಬಿಡುಗಡೆ ಚೀಟಿ ಮಾತ್ರ.

ಕನ್ನಡದ ಮನೆಗಳಿಗೆ ಹೆರಿಗೆಯೊಂದಿಗೆ ಆರೈಕೆ ಮುಗಿಯುವುದಿಲ್ಲ ಎಂಬ ತಿಳಿವಳಿಕೆ ಹೊಸದಲ್ಲ. ಬಾಣಂತನಕ್ಕೆ ಇಂತಿಷ್ಟು ದಿನ, ಇಂಥ ಪಥ್ಯ, ಇಂಥವರ ಹೊಣೆ ಎಂಬ ಕಟ್ಟಳೆಯಿದೆ. ಬೆನ್ನಿನ ಆಪರೇಷನ್ನಿಗೆ ಅಂಥ ಕಟ್ಟಳೆಯಿಲ್ಲದ ಕಾರಣ ಒಬ್ಬರು ಹೆದರಿ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾರೆ, ಇನ್ನೊಬ್ಬರು ಕೂಲಿ ತಪ್ಪೀತೆಂದು ಮೂರನೆಯ ವಾರಕ್ಕೇ ಮೂಟೆ ಹೊರುತ್ತಾರೆ.

ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಈ ಕೊರತೆಗೆ ಮತ್ತೊಂದು ಮುಖವಿದೆ. ಅಷ್ಟಾಂಗ ಯೋಗದ ಗುರು ಕೆ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಿಂದ ತಮ್ಮ ಶಾಲೆಯನ್ನು ಇಲ್ಲಿಗೆ ತಂದ ಮೇಲೆ ದೇಶವಿದೇಶಗಳ ಅಭ್ಯಾಸಿಗಳು ಬರತೊಡಗಿ, ಸುತ್ತಮುತ್ತ ಯೋಗಶಾಲೆಗಳು ಬೆಳೆದವು. ಆ ಪರಂಪರೆಯ ಹಿರಿಮೆ ಪ್ರಶ್ನಾತೀತ. ಆದರೆ ಅಷ್ಟಾಂಗದ ಪ್ರಥಮ ಸರಣಿಯಲ್ಲೇ ಬರುವ ಪಶ್ಚಿಮೋತ್ತಾನಾಸನದಂಥ ಆಳವಾದ ಮುಂಬಾಗುವಿಕೆ ಆರೋಗ್ಯವಂತರ ಸಾಧನೆಯೇ ಹೊರತು ಹೊಸದಾಗಿ ಶಸ್ತ್ರಚಿಕಿತ್ಸೆಯಾದ ಬೆನ್ನಿಗೆ ಹೇಳಿದ್ದಲ್ಲ. ನಿಂತಿರುವುದಕ್ಕಿಂತ ಮುಂದಕ್ಕೆ ಬಾಗಿ ಕುಳಿತಾಗ ಡಿಸ್ಕ್‌ನೊಳಗಿನ ಒತ್ತಡ ಏರುತ್ತದೆಂದು ಸ್ವೀಡನ್ನಿನ ವೈದ್ಯ ನಾಕೆಮ್‌ಸನ್ 1960ರ ದಶಕದಲ್ಲೇ ಅಳೆದು ತೋರಿಸಿದ್ದರು. ಸರಿಯಾದ ಫಿಸಿಯೋಥೆರಪಿ ಕೈಗೆಟುಕದಿದ್ದಾಗ ಹತ್ತಿರದ ಯೋಗ ತರಗತಿಯನ್ನೇ ಅದರ ಬದಲಿಯೆಂದು ಭಾವಿಸುವುದು ಸಹಜ. ಆ ಗೊಂದಲವನ್ನು ತಪ್ಪಿಸುವ ಹೊಣೆ ಯೋಗಶಾಲೆಗಳದಲ್ಲ, ಆರೋಗ್ಯ ಇಲಾಖೆಯದು.

ಎಲ್ಲ ರೋಗಿಗಳಿಗೂ ತಿಂಗಳುಗಟ್ಟಲೆ ಫಿಸಿಯೋಥೆರಪಿ ಬೇಕಿಲ್ಲ, ಖಜಾನೆಗೂ ಮಿತಿಯಿದೆ ಎಂಬ ಮಾತು ಒಪ್ಪತಕ್ಕದ್ದೇ. ಆದ್ದರಿಂದ ಕೇಳಬೇಕಾದದ್ದು ಮಿತವಾದ ಮೂರು ಕ್ರಮಗಳನ್ನು. ಮೊದಲನೆಯದಾಗಿ, ಡಿಸ್ಕ್ ಶಸ್ತ್ರಚಿಕಿತ್ಸೆಯ ಪ್ಯಾಕೇಜಿಗೆ ನಾಲ್ಕನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕೆಲವು ಭೇಟಿಗಳನ್ನು ಸೇರಿಸಿ, ಪಾದದ ಬಲ ಕುಂದಿದವರಿಗೆ ಮತ್ತು ಮೈಮುರಿದು ದುಡಿಯುವವರಿಗೆ ಆದ್ಯತೆ ಕೊಡಬೇಕು. ಎರಡನೆಯದಾಗಿ, 2022ರ ಕೊನೆಯಲ್ಲಿ ರಾಜ್ಯದ ನಗರಗಳಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಸಿಗುವಂತೆ ಮಾಡಬೇಕು. ಫಿಸಿಯೋಥೆರಪಿ ಕಾಲೇಜುಗಳಿರುವ ಮೈಸೂರಿನಲ್ಲಿ ಇದನ್ನು ಮೊದಲು ಪ್ರಯೋಗಿಸಿ ನೋಡಬಹುದು. ಮೂರನೆಯದಾಗಿ, ಬಿಡುಗಡೆ ಚೀಟಿಯ ಜೊತೆ ವ್ಯಾಯಾಮದ ಹಂತಗಳನ್ನು ಕನ್ನಡದಲ್ಲಿ ಚಿತ್ರಸಹಿತ ಮುದ್ರಿಸಿಕೊಡಬೇಕು; ಮೂತ್ರ ಕಟ್ಟುವುದು, ಗುದ ಮತ್ತು ಜನನಾಂಗದ ಸುತ್ತ ಮರಗಟ್ಟುವುದು, ಪಾದ ಎತ್ತಲಾಗದಿರುವುದು, ಜ್ವರದೊಡನೆ ಗಾಯ ಸೋರುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಬರಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿರಬೇಕು.

ಫಿಸಿಯೋಥೆರಪಿಯನ್ನು ಸ್ವತಂತ್ರ ವೃತ್ತಿಯಾಗಿ ಮಾನ್ಯಮಾಡುವ ಕಾಯಿದೆಯನ್ನು ಸಂಸತ್ತು 2021ರಲ್ಲೇ ಅಂಗೀಕರಿಸಿದೆ. ಆ ಮಾನ್ಯತೆ ಪ್ಯಾಕೇಜ್ ದರಪಟ್ಟಿಯಲ್ಲೂ ಕಾಣಬೇಕು. ದರಪಟ್ಟಿಯ ಮುಂದಿನ ಪರಿಷ್ಕರಣೆಯಲ್ಲಿ ಆರೋಗ್ಯ ಇಲಾಖೆ ಫಿಸಿಯೋಥೆರಪಿಯ ಈ ಒಂದು ಸಾಲನ್ನು ಸೇರಿಸದಿದ್ದರೆ, ಅದಕ್ಕೆ ಕಾರಣವೇನೆಂಬುದನ್ನು ಜನರಿಗೆ ತಿಳಿಸಲಿ.

ಇಂತಿ,
ಓದುಗರೊಬ್ಬರು
ಗೋಕುಲಂ 3ನೇ ಹಂತ, ಮೈಸೂರು