ಕರಗಿದ ಮೇಲೆ ಎಣಿಸುವುದು ಹೇಗೆ?

ಬಳಸಿದ ಅಣು ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವ ಮರುಸಂಸ್ಕರಣಾ ಸ್ಥಾವರದಲ್ಲಿ ಅದರ ಲೆಕ್ಕ ಇಡುವುದೂ ಬೇರ್ಪಡಿಸುವಷ್ಟೇ ಕಷ್ಟದ ಕೆಲಸ. ಕಂಪ್ಯೂಟರ್ ಮಾದರಿಗಳು ಅಲ್ಲಿ ಬೇಕಾಗುವುದು ಇದಕ್ಕೇ.

ರೋಣ, ನರಗುಂದ, ಗಜೇಂದ್ರಗಡಕ್ಕೆ ಹತ್ತಿರದ ಅಣು ವಿದ್ಯುತ್ ಸ್ಥಾವರ ಕೈಗಾ. ಅದರ ನಾಲ್ಕು ರಿಯಾಕ್ಟರುಗಳು ತಲಾ 220 ಮೆಗಾವಾಟ್‌ನವು. ಕೈಗಾದಲ್ಲಿ ಇಂಧನವೆಂದರೆ 19 ಸರಳುಗಳ ಕಟ್ಟು. ಕೊಳದಲ್ಲಿ ಮುಳುಗಿಸಿಟ್ಟ ಮೇಲೂ ಕಟ್ಟುಗಳನ್ನು ಎಣಿಸಬಹುದು. ತಾರಾಪುರ, ಕಲ್ಪಾಕ್ಕಂಗಳಲ್ಲಿರುವಂಥ ಮರುಸಂಸ್ಕರಣಾ ಸ್ಥಾವರದೊಳಗೆ ಆ ಸೌಲಭ್ಯವಿಲ್ಲ. ಸರಳುಗಳನ್ನು ಕತ್ತರಿಸಿ, ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಟ್ರೈಬ್ಯುಟೈಲ್ ಫಾಸ್ಫೇಟ್ ಬೆರೆಸಿದ ದ್ರಾವಕದಿಂದ ಯುರೇನಿಯಂ, ಪ್ಲುಟೋನಿಯಂಗಳನ್ನು ಸೆಳೆದುಕೊಳ್ಳುತ್ತಾರೆ. ಶೇಂಗಾ ಚೀಲವನ್ನು ಎಣಿಸಬಹುದು. ಗಾಣಕ್ಕೆ ಬಿದ್ದ ಮೇಲೆ ಎಣ್ಣೆ, ಹಿಂಡಿ, ಗಾಣಕ್ಕೆ ಅಂಟಿದ್ದು ಎಲ್ಲ ಸೇರಿಸಿ ತೂಕ ಹೊಂದಿಸಬೇಕು. ಇಲ್ಲಿಯೂ ಹಾಗೆಯೇ.

ತೂಕ ಎಂದೂ ಪೂರ್ತಿ ಹೊಂದುವುದಿಲ್ಲ. ಭಾರಜಲ ರಿಯಾಕ್ಟರಿನ ಬಳಸಿದ ಇಂಧನದ ಪ್ರತಿ ಟನ್ನಿನಲ್ಲಿ ಸುಮಾರು 3.5 ಕೆ.ಜಿ. ಪ್ಲುಟೋನಿಯಂ ಇರುತ್ತದೆ. ವರ್ಷಕ್ಕೆ 100 ಟನ್ ಸಂಸ್ಕರಿಸುವ ಸ್ಥಾವರದಲ್ಲಿ ಅಳತೆ ಶೇ 1ರಷ್ಟು ತಪ್ಪಿದರೆ 3.5 ಕೆ.ಜಿ. ಲೆಕ್ಕಕ್ಕೆ ಸಿಗದು. ವರ್ಷಕ್ಕೆ 800 ಟನ್ ಸಾಮರ್ಥ್ಯಕ್ಕೆಂದು ಕಟ್ಟಿದ ಜಪಾನಿನ ರೊಕ್ಕಾಶೊದಲ್ಲಿ, ಅಲ್ಲಿನ ಇಂಧನದಲ್ಲಿ ಟನ್ನಿಗೆ ಪ್ಲುಟೋನಿಯಂ ಇನ್ನೂ ಹೆಚ್ಚಿರುವುದರಿಂದ, ಅದೇ ತಪ್ಪು ಸುಮಾರು 80 ಕೆ.ಜಿ. ಆಗುತ್ತದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಅಳತೆಗೋಲಿನಲ್ಲಿ ಒಂದು ಬಾಂಬಿನ ಸಾಧ್ಯತೆ ತಳ್ಳಿಹಾಕಲಾಗದ ಪ್ರಮಾಣ 8 ಕೆ.ಜಿ.

ಕಂಪ್ಯೂಟರ್ ಮಾದರಿಯಲ್ಲಿ ಪ್ರತಿ ತೊಟ್ಟಿ, ಪಂಪು, ಕೊಳವೆ ಒಂದೊಂದು ಸಮೀಕರಣವಾಗುತ್ತದೆ. ಕಲ್ಪಾಕ್ಕಂನ ಇಂದಿರಾಗಾಂಧಿ ಅಣು ಸಂಶೋಧನಾ ಕೇಂದ್ರದ 'ಸಿಂಪ್ಸೆಕ್ಸ್' ತಂತ್ರಾಂಶ ದ್ರಾವಕದ ಹಂತವನ್ನು ಹೀಗೆ ಲೆಕ್ಕ ಹಾಕುತ್ತದೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಮಾದರಿ ಅದಕ್ಕೆ ಕಾವಲನ್ನೂ ಸೇರಿಸುತ್ತದೆ: ಅಳತೆಯ ತಪ್ಪುಗಳನ್ನು ಬೆರೆಸಿ ಸ್ಥಾವರವನ್ನು ಮತ್ತೆ ಮತ್ತೆ ಓಡಿಸುವುದು, ನಡುವೆ ಸ್ವಲ್ಪಸ್ವಲ್ಪವೇ ಪ್ಲುಟೋನಿಯಂ ಕದ್ದಂತೆ ಮಾಡಿ ಎಚ್ಚರಿಕೆ ಯಾವಾಗ ಮೊಳಗುತ್ತದೆಂದು ನೋಡುವುದು. ನಿಜವಾದ ಸ್ಥಾವರದಲ್ಲಿ ಇಂಥ ಪರೀಕ್ಷೆ ನಡೆಸುವಂತಿಲ್ಲ.

ಎಚ್ಚರಿಕೆ ಮೊಳಗಿದರಷ್ಟೇ ಸಾಲದು, ಕೇಳುವವರು ಬೇಕು. ಇಂಗ್ಲೆಂಡಿನ ಸೆಲ್ಲಾಫೀಲ್ಡ್‌ನ ಥಾರ್ಪ್ ಸ್ಥಾವರದಲ್ಲಿ ಕೊಳವೆಯೊಂದು ಮುರಿದು, ಸುಮಾರು 160 ಕೆ.ಜಿ. ಪ್ಲುಟೋನಿಯಂ ಇದ್ದ 83 ಘನ ಮೀಟರ್ ದ್ರಾವಣ ತಿಂಗಳುಗಟ್ಟಲೆ ಸೋರಿತು. ಪತ್ತೆಯಾದದ್ದು 2005ರ ಏಪ್ರಿಲ್‌ನಲ್ಲಿ. ದ್ರಾವಣ ಕಾಂಕ್ರೀಟ್ ಕೋಣೆಯಿಂದಾಚೆ ಹೋಗಲಿಲ್ಲ, ಆದರೆ ಸೋರಿಕೆಯ ಸುಳಿವುಗಳು ಮೊದಲೇ ಸಿಕ್ಕಿದ್ದವು.

ಭಾರತ 2006ರಲ್ಲಿ ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಲು ಗುರುತಿಸಿದ 14 ರಿಯಾಕ್ಟರುಗಳಲ್ಲಿ ಕೈಗಾದ ಒಂದೂ ಇಲ್ಲ. ಅಲ್ಲಿನ ಇಂಧನದ ಲೆಕ್ಕಕ್ಕೆ ಅಣುಶಕ್ತಿ ಇಲಾಖೆಯೇ ಹೊಣೆ. ಆದ್ದರಿಂದಲೇ ತನ್ನ ಲೆಕ್ಕ ಎಷ್ಟು ಸಣ್ಣ ಕೊರತೆಯನ್ನು ಎಷ್ಟು ದಿನದಲ್ಲಿ ಹಿಡಿಯಬಲ್ಲದು ಎಂಬುದನ್ನು ಇಲಾಖೆ ಸಂಸತ್ತಿಗೆ ತಿಳಿಸಬೇಕು. ಮಾದರಿಗಳೂ ವಿನ್ಯಾಸದ ಹಂತದಲ್ಲೇ ಸಿದ್ಧವಿರಬೇಕು. ಸ್ಥಾವರ ಒಮ್ಮೆ ಚಾಲೂ ಆದರೆ ವಿಕಿರಣ ತುಂಬಿದ ಕೋಣೆಗಳೊಳಗೆ ಹೋಗಿ ಬಿಟ್ಟುಹೋದ ಅಳತೆಯಂತ್ರವನ್ನು ಕೂರಿಸುವುದು ಬಹುತೇಕ ಅಸಾಧ್ಯ.